ಜೋಲಿಯ ಕೆಳಗಿನ ಚಳಿ

ಪ್ರತಿವರ್ಷ ಕಡಲೆಕಾಯಿ ಪರಿಷೆ ಮುಗಿದ ಮೇಲೆ ಬರುವ ಮೊದಲ ಭಾನುವಾರ ನಮ್ಮ ಮನೆಯ ಬೆಚ್ಚನೆಯ ಬಟ್ಟೆಗಳಿಗೆಲ್ಲ ಬಿಸಿಲು ತೋರಿಸುವ ದಿನ. ಟ್ರಂಕಿನ ಮುಚ್ಚಳ ತೆಗೆದರೆ ಸಾಕು, ನುಸಿಗುಳಿಗೆಯ ವಾಸನೆ ಎನ್.ಆರ್. ಕಾಲೋನಿಯ ಅರ್ಧ ಬೀದಿಗೆ ಗೊತ್ತಾಗುತ್ತದೆ. ನಮ್ಮವರ ಮೂರು ಮಂಕಿ ಕ್ಯಾಪು, ನನ್ನ ಮದುವೆಗೆ ಮುಂಚಿನ ಸ್ವೆಟರು (ಅದು ಕುಗ್ಗಿದೆ ಎಂದು ನಾನು, ನೀನು ಹಿಗ್ಗಿದ್ದೀಯ ಎಂದು ನಮ್ಮವರು), ಎರಡು ಕಂಬಳಿ, ಒಂದು ರಜಾಯಿ, ಎಲ್ಲವನ್ನೂ ತಾರಸಿಗೆ ಹೊತ್ತು ಸಾಲಾಗಿ ಹರವುತ್ತೇನೆ. ಕೊನೆಗೆ ಬರುವುದು ಒಂದು ವಿಚಿತ್ರವಾದ ಬೊಂತೆ. ಹಳೆಯ ಸೀರೆಗಳ ನಡುವೆ ಹತ್ತಿ ಹರವಿ ಹೊಲಿದದ್ದು. ಮಂಚಕ್ಕೆ ಅಗಲ ಸಾಲದು, ಮಗುವಿಗೆ ಹೆಚ್ಚಾಯಿತು, ಸುತ್ತಲೂ ಎಂಟು ಬಟ್ಟೆಯ ಕುಣಿಕೆಗಳು. ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ದುಂಡನೆಯ ಕಲ್ಲು ಇಡುತ್ತೇನೆ. ಎಂಬತ್ತರ ಹತ್ತಿರ ಬಂದಿರುವ ನಮ್ಮ ಅತ್ತೆ ಈಗ ತಾರಸಿ ಹತ್ತುವುದಿಲ್ಲ. ಕೆಳಗಿನಿಂದಲೇ “ಕಲ್ಲಿಟ್ಯಾ?” ಎಂದು ಕೇಳುತ್ತಾರೆ.

ಪಕ್ಕದ ಮನೆಯ ಶಾರದಮ್ಮನವರು ತಮ್ಮ ತಾರಸಿಯಿಂದ ಪ್ರತಿವರ್ಷವೂ ಆ ಕುಣಿಕೆಗಳು ಯಾಕೆಂದು ವಿಚಾರಿಸುತ್ತಾರೆ. ಒಂದು ವರ್ಷ ಕುದುರೆಯ ಬೆನ್ನಿಗೆ ಹೊದಿಸುವುದು ಎಂದೆ. ಇನ್ನೊಂದು ವರ್ಷ ಕಾರಿನ ಬಾನೆಟ್ಟಿಗೆ ಎಂದೆ. ನಮ್ಮಲ್ಲಿ ಕುದುರೆಯೂ ಇಲ್ಲ, ಕಾರೂ ಇಲ್ಲ, ಆದರೂ ಅವರು ತಲೆದೂಗಿದರು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತು ಬಿಸಿಲಿನಲ್ಲಿ ನಿಲ್ಲಬೇಕು. ನೀವು ನೆರಳಿನಲ್ಲಿ ಕೂತು ಓದುತ್ತಿದ್ದೀರಿ, ನಿಮಗೆ ಹೇಳಬಹುದು.

ನಾನು ಚಾಮರಾಜಪೇಟೆಯ ವಠಾರದಲ್ಲಿ ಬೆಳೆದವಳು. ನಾಲ್ವರು ಅಕ್ಕತಂಗಿಯರಿಗೆ ಒಂದೇ ದುಪ್ಪಟಿ. ಅದು ಎಷ್ಟು ದೊಡ್ಡದೆಂದರೆ ಒಗೆದ ದಿನ ವಠಾರದ ಉಳಿದವರು ಯಾರೂ ಬಟ್ಟೆ ಒಣಗಿಸುವಂತಿರಲಿಲ್ಲ. ಸಾಲಾಗಿ ಮಲಗಿದರೆ ಅಂಚಿನ ಇಬ್ಬರಿಗೆ ಯುದ್ಧ, ನಡುವಿನ ಇಬ್ಬರಿಗೆ ಸುಖ. ನಾನು ಮೂರನೆಯವಳು, ಎಂದರೆ ನಡುವಿನವಳು. ಹಿರಿಯಕ್ಕ ಅತ್ತ ಎಳೆದರೆ ತಂಗಿ ಇತ್ತ ಎಳೆಯುವಳು, ನನ್ನ ಮೇಲಿನ ದುಪ್ಪಟಿ ಮಾತ್ರ ಅಲುಗಾಡುತ್ತಿರಲಿಲ್ಲ. ಚಳಿ ಎನ್ನುವುದು ಅಂಚಿನವರ ಕಷ್ಟ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಅದು ಕೆಳಗಿನಿಂದಲೂ ಬರುತ್ತದೆ ಎನ್ನುವುದು ಗೊತ್ತಾಗಲು ಮೂವತ್ತೈದು ವರ್ಷ ಬೇಕಾಯಿತು.

ಹೊಸ ಶತಮಾನ ಬಂತೆಂದು ಊರೆಲ್ಲ ಪಟಾಕಿ ಹೊಡೆದ ವರ್ಷ ನನಗೆ ಏಳನೇ ತಿಂಗಳಲ್ಲಿ ಮಗು ಹೋಯಿತು. ಮದುವೆಯಾಗಿ ಎಂಟು ವರ್ಷಕ್ಕೆ ಬಂದಿದ್ದ ಮಗು. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಏನೋ ಸಿಹಿ ಸುದ್ದಿ ಇದೆ ಎಂದು ನೀವು ಕಾಯುವುದು ಬೇಡ.

ಅತ್ತೆ ನನಗೆ ಬಾಣಂತನ ಮಾಡಿದರು. ಮಗುವಿಲ್ಲದ ಬಾಣಂತನ. ತವರಿಗೆ ಕಳಿಸಿ ಎಂದು ನಮ್ಮಮ್ಮ ಕೇಳಿದರೂ ಕಳಿಸಲಿಲ್ಲ. ದಿನವೂ ಹಂಡೆಯ ತುಂಬ ನೀರು ಕಾಯಿಸಿ ನನ್ನ ಬೆನ್ನಿಗೆ ಚೊಂಬು ಚೊಂಬಾಗಿ ಹೊಯ್ಯುವರು, ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವರು, ಕಿವಿಗೆ ಸ್ಕಾರ್ಫು ಕಟ್ಟುವರು, ಮೆಣಸಿನ ಸಾರು ಬಡಿಸುವರು. ಒಂದಕ್ಕೂ ಕೊರತೆ ಇಲ್ಲ, ಆದರೆ ಮಾತಿಲ್ಲ. ಆ ಮೌನವನ್ನು ನಾನು ನನಗೆ ತಿಳಿದಂತೆ ಓದಿಕೊಂಡೆ. ಆರು ತಿಂಗಳವರೆಗೂ ನಾನು ಬಸ್ಸಿನಲ್ಲಿ ನೇತಾಡಿಕೊಂಡು ಸ್ಕೂಲಿಗೆ ಹೋಗಿ ಪಾಠ ಮಾಡಿದ್ದೆ. ರಜೆ ಹಾಕು ಎಂದು ಅವರು ಒಂದು ಸಲ ಹೇಳಿದ್ದರು, ನಾನು ಕೇಳಿರಲಿಲ್ಲ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಬಾಯಿಬಿಟ್ಟು ಅನ್ನಲಾರದೆ ಸುಮ್ಮನಿದ್ದಾರೆ ಎಂದುಕೊಂಡೆ. ಅಷ್ಟು ಬಿಸಿನೀರು ಹೊಯ್ಸಿಕೊಂಡರೂ ನನ್ನ ಬೆನ್ನು ಸದಾ ತಣ್ಣಗಿರುತ್ತಿತ್ತು.

ನಮ್ಮವರು ಬ್ಯಾಂಕಿನಲ್ಲಿ ಅಧಿಕಾರಿ. ಅವರಿಗೆ ಸಮಾಧಾನ ಹೇಳಲು ಬರುವುದಿಲ್ಲ, ಸಾಮಾನು ಕೊಳ್ಳಲು ಬರುತ್ತದೆ. ವರ್ಷ ಕಳೆದರೂ ನಾನು ಸ್ಕೂಲು ಬಿಟ್ಟರೆ ಮನೆ, ಮನೆ ಬಿಟ್ಟರೆ ಸ್ಕೂಲು ಎಂದು ಇದ್ದುಬಿಟ್ಟಿದ್ದನ್ನು ನೋಡಿ ಅವರು ಒಂದು ದಿನ ಇದ್ದಕ್ಕಿದ್ದಂತೆ, ಡಿಸೆಂಬರಿನಲ್ಲಿ ಆಫೀಸಿನವರೆಲ್ಲ ಚಿಕ್ಕಬಳ್ಳಾಪುರದ ಆಚೆ ಒಂದು ಬೆಟ್ಟಕ್ಕೆ ಹೋಗಿ ತಂಗುತ್ತಾರೆ, ನಾವೂ ಹೋಗೋಣ ಎಂದರು. ನೆಲದ ಮೇಲೆ ಮಲಗಿದರೆ ಚೇಳು ಎಂದೆ. ಅಷ್ಟು ಸಾಕಾಯಿತು. ಮಾರನೇ ದಿನವೇ ಗಾಂಧಿ ಬಜಾರಿನ ಸೈಬರ್ ಸೆಂಟರಿಗೆ ಹೋಗಿ, ವಿದೇಶದವರು ಮರಕ್ಕೆ ಹ್ಯಾಮಕ್ ಕಟ್ಟಿಕೊಂಡು ಹಿಮದಲ್ಲೂ ಬೆಚ್ಚಗೆ ಮಲಗುವುದು ಹೇಗೆಂಬ ಲೇಖನವನ್ನು ಪ್ರಿಂಟ್ ಹಾಕಿಸಿಕೊಂಡು ಬಂದರು. ಆರು ಪುಟದ ಲೇಖನ. ಐದು ಪುಟ ಬರುವ ಹೊತ್ತಿಗೆ ಕರೆಂಟು ಹೋಯಿತಂತೆ. ಐದರಲ್ಲಿ ಎಲ್ಲ ಇದೆ ಬಿಡು ಎಂದರು.

ಐದು ಪುಟಗಳನ್ನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಓದಿ ಒಂದು ಪಟ್ಟಿ ಮಾಡಿದರು. ಮೊದಲನೆಯದೇ ಜೋಲಿ. ಒಂದು ಶನಿವಾರ ಅರ್ಧ ದಿನದ ಬ್ಯಾಂಕು ಮುಗಿಸಿ ನನ್ನನ್ನು ಉಪ್ಪಾರಪೇಟೆಗೆ ಕರೆದುಕೊಂಡು ಹೋದರು. ಹಗ್ಗ, ಟಾರ್ಪಾಲು, ಬಲೆ ಮಾರುವ ಒಂದು ಉದ್ದನೆಯ ಅಂಗಡಿ. ಹ್ಯಾಮಕ್ ಎಂದರೆ ಅಂಗಡಿಯವರಿಗೆ ತಿಳಿಯಲಿಲ್ಲ. ನಮ್ಮವರು ಅಚ್ಚ ಕನ್ನಡದಲ್ಲಿ ಜೋಲಿ ಎಂದರು. ಆತ ಒಳಗಿನಿಂದ ಹೂವಿನ ಚಿತ್ರದ ಪುಟ್ಟ ಜೋಲಿಯೊಂದನ್ನು ತಂದು ಕೌಂಟರಿನ ಮೇಲೆ ಬಿಡಿಸಿಟ್ಟು, “ಮಗು ಎಷ್ಟು ತಿಂಗಳದ್ದು ಸಾರ್?” ಎಂದು ಕೇಳಿದ.

ನಾನು ಪಕ್ಕದಲ್ಲೇ ನಿಂತಿದ್ದೆ. ನಮ್ಮವರ ಮುಖ ಬಿಳಿಚಿಕೊಂಡಿತು. ಏನಾದರೂ ಹೇಳಿ ದಾಟಿಸಬೇಕೆಂದು ತಡಬಡಾಯಿಸಿ, “ಮೂವತ್ತೆಂಟು ವರ್ಷ. ಎಪ್ಪತ್ತೆರಡು ಕೆ.ಜಿ.” ಎಂದರು. ಅಂಗಡಿಯವನು ಜೋಲಿಯನ್ನೂ ಅವರನ್ನೂ ಅಳತೆ ಹಾಕುವವನಂತೆ ನೋಡಿದ. ನನಗೆ ಅಳು ಬರಬೇಕಿತ್ತು, ನಗು ಬಂತು. ಹದಿನೈದು ತಿಂಗಳಲ್ಲಿ ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕೊನೆಗೆ ಗಟ್ಟಿ ಪ್ಯಾರಾಚೂಟ್ ಬಟ್ಟೆ, ಹಗ್ಗ, ಕಬ್ಬಿಣದ ಬಳೆಗಳನ್ನು ಕೊಂಡು, ಪಕ್ಕದ ಗಲ್ಲಿಯ ಟೈಲರ್ ಹತ್ತಿರ ಎರಡು ದೊಡ್ಡ ಜೋಲಿ ಹೊಲಿಸಿಕೊಂಡು ಬಂದೆವು.

ನಮ್ಮದು ಹಳೆಯ ಕಾಲದ ಮನೆ. ನಡುಮನೆಯ ತೊಲೆಗಳಲ್ಲಿ ಎರಡು ಕೊಂಡಿಗಳಿವೆ. ಹಿಂದೆ ಉಯ್ಯಾಲೆ ಇತ್ತಂತೆ, ನಮ್ಮವರ ತೊಟ್ಟಿಲನ್ನೂ ಅಲ್ಲೇ ಕಟ್ಟಿದ್ದರಂತೆ. ನಾನು ಬಸುರಿಯಾಗಿದ್ದಾಗ ಆ ಕೊಂಡಿಗಳನ್ನು ಆಗಾಗ ತಲೆಯೆತ್ತಿ ನೋಡುತ್ತಿದ್ದೆ, ಆಮೇಲೆ ತಲೆ ತಗ್ಗಿಸಿ ಅದರಡಿ ಓಡಾಡುವುದು ರೂಢಿಯಾಗಿತ್ತು. ನಮ್ಮವರು ಇದ್ಯಾವುದನ್ನೂ ಯೋಚಿಸದೆ, ತೂಕ ತಡೆಯುತ್ತದೋ ಇಲ್ಲವೋ ನೋಡೋಣ ಎಂದು ಭಾನುವಾರ ಒಂದು ಜೋಲಿಯನ್ನು ಅಲ್ಲೇ ಕಟ್ಟಿ, ಮಲಗಿ, ಎದ್ದು, ಹಾಗೇ ಬಿಟ್ಟರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಸೋಮವಾರ ಸಾಯಂಕಾಲ ಸ್ಕೂಲಿನಿಂದ ಬಂದು ನೋಡುತ್ತೇನೆ, ಜೋಲಿಯಲ್ಲಿ ಒರಳಿನ ಗುಂಡು ಮಲಗಿದೆ. ಗ್ರೈಂಡರ್ ಬಂದ ಮೇಲೆ ಹಿತ್ತಲ ಮೂಲೆ ಸೇರಿದ್ದ ಗುಂಡು. ಅದನ್ನು ಅರವತ್ತೆಂಟರ ಹೆಂಗಸು ಹೇಗೆ ಎತ್ತಿದರೋ ದೇವರಿಗೇ ಗೊತ್ತು. ಕೇಳಿದರೆ, “ಖಾಲಿ ಜೋಲಿ ತೂಗಾಡಬಾರದು ಕಣೆ” ಎಂದಷ್ಟೇ ಹೇಳಿ ಕಾಫಿಗೆ ನೀರಿಟ್ಟರು. ನಾಮಕರಣದಲ್ಲಿ ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುತ್ತಾರೆ, ಮಗು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿರಲಿ ಎಂದು. ಅದು ನನಗೂ ಗೊತ್ತಿತ್ತು. ಆರಡಿ ಉದ್ದದ ಹಸಿರು ಜೋಲಿಯ ನಡುವೆ ಆ ಕರಿಯ ಗುಂಡು ಒಂದೇ ಮಲಗಿದ್ದನ್ನು ನೋಡುತ್ತಲೇ ಕಾಫಿ ಕುಡಿದು ಒಳಗೆ ಹೋದೆ.

ಇನ್ನು ಚಳಿಯ ಪರೀಕ್ಷೆ. ಹಿತ್ತಲಿನಲ್ಲಿ ತೆಂಗಿನಮರಕ್ಕೂ ಸೀಬೆಮರಕ್ಕೂ ಜೋಲಿ ಕಟ್ಟಿ, ನಮ್ಮವರು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೋಗಿ ಅದರಲ್ಲಿ ಮಲಗಿ ಆರಕ್ಕೆ ವಾಪಸು ಬರುವರು, ಹಲ್ಲು ಕಟಕಟಿಸುತ್ತ. ಮೊದಲ ದಿನ ಒಂದು ಕಂಬಳಿ ಹೊದ್ದರು. ಎರಡನೆಯ ದಿನ ಎರಡು. ಮೂರನೆಯ ದಿನ ಎರಡು ಕಂಬಳಿ, ರಜಾಯಿ, ಸ್ವೆಟರು, ಮಫ್ಲರು, ಮಂಕಿ ಕ್ಯಾಪು, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ. ಅದೇ ದಿನ ವಾಕಿಂಗ್ ಹೊರಟಿದ್ದ ಶಾರದಮ್ಮನ ಯಜಮಾನರು ಕಾಂಪೌಂಡಿನ ಮೇಲಿಂದ ಇಣುಕಿ, ಮನೆಯಲ್ಲಿ ಏನಾದರೂ ಮನಸ್ತಾಪವೇ ಎಂದು ಮೆಲ್ಲಗೆ ವಿಚಾರಿಸಿದರಂತೆ. ಹೊಟ್ಟೆ ಬೇಯುತ್ತಿದೆ, ಬೆನ್ನು ಮಾತ್ರ ಮಂಜುಗಡ್ಡೆ ಎಂದು ನಮ್ಮವರ ವರದಿ. ನಾಲ್ಕನೆಯ ದಿನ ಜಾಣತನ ಮಾಡಿ ರಜಾಯಿಯನ್ನು ಜೋಲಿಯೊಳಗೇ ಹಾಸಿಕೊಂಡು ಮಲಗಿದರು. ಅದು ಮೈಭಾರಕ್ಕೆ ಅಪ್ಪಚ್ಚಿಯಾಗಿ ಹಪ್ಪಳದಂತಾಯಿತು, ಬೆನ್ನು ಹಾಗೇ ತಣ್ಣಗೆ. ಐದು ಪುಟಗಳನ್ನು ತಿರುವಿ ಹಾಕಿದ್ದೇ ಬಂತು.

ಅಂದು ತಿಂಡಿಗೆ ಕೂತಾಗ ಅವರು ತುಂಬ ಗಂಭೀರವಾಗಿ, ಇನ್ನೊಂದು ರಜಾಯಿ ಕೊಳ್ಳಬೇಕಾಗುತ್ತದೆ ಎಂದರು. ದೋಸೆ ಹುಯ್ಯುತ್ತಿದ್ದ ಅತ್ತೆ ಸೌಟು ಹಿಡಿದುಕೊಂಡೇ ಈಚೆ ಬಂದರು.

“ಹತ್ತು ತಂದ್ರೂ ಅಷ್ಟೇ ಕಣೋ ಸೀನು. ಮೈ ಕೆಳಗೆ ಬಿದ್ದ ಹತ್ತಿ ಬೆಚ್ಚಗಿರಲ್ಲ. ಜೋಲಿಗೆ ಚಳಿ ಬರೋದು ಕೆಳಗಡೆಯಿಂದ. ಬೊಂತೆನ ಹೊರಗಡೆ, ಅಡಿಗೆ ಕಟ್ಟಬೇಕು. ಬಿಗಿಯಾಗಿ ಅಲ್ಲ, ಸಡಿಲಕ್ಕೆ. ನೀನು ಎಂಟು ತಿಂಗಳಿಗೇ ಹುಟ್ಟಿದೋನು, ಇಷ್ಟಿದ್ದೆ. ಆ ಮಾಗಿ ಚಳೀಲಿ ನಿನ್ನನ್ನ ಹಾಗೇ ಉಳಿಸ್ಕೊಂಡಿದ್ದು.”

ಇಷ್ಟು ಹೇಳಿ, ದೋಸೆ ಸೀಯುತ್ತೆ ಎಂದು ಒಳಗೆ ಹೋದರು. ಆಮೇಲೆ ಯಾವಾಗಲೋ ನಮ್ಮವರು ಆ ಆರನೆಯ ಪುಟವನ್ನು ಪ್ರಿಂಟ್ ಹಾಕಿಸಿ ತಂದರು. ಅದರಲ್ಲಿದ್ದದ್ದು ಇದೇ ಮಾತು, ಇಂಗ್ಲಿಷಿನಲ್ಲಿ, ಚಿತ್ರಸಮೇತ. ಅದನ್ನು ಅತ್ತೆಗೆ ಓದಿ ಹೇಳಿದರೆ, ಅವರಿಗೆ ಯಾರು ಹೇಳಿಕೊಟ್ಟರಂತೆ ಎಂದು ಕೇಳಿದರು.

ಆದರೆ ಬೊಂತೆ ಎಲ್ಲಿದೆ? ಹೊರಡಲು ಹತ್ತೇ ದಿನ ಉಳಿದಿತ್ತು. ಆ ಮಧ್ಯಾಹ್ನ ನನಗೆ ಸ್ಕೂಲಿಗೆ ರಜೆ. ಅತ್ತೆ ತಮ್ಮ ಕೋಣೆಯಿಂದ ನನ್ನನ್ನು ಕರೆದರು. ಚಿಂತಾಮಣಿಯ ತವರಿನಿಂದ ತಂದ ಅವರ ಹಳೆಯ ಟ್ರಂಕು ತೆರೆದಿತ್ತು. ತಳದಿಂದ, ಪಂಚೆಯೊಂದರಲ್ಲಿ ಸುತ್ತಿಟ್ಟಿದ್ದ ಗಂಟನ್ನು ತೆಗೆದು ಮಂಚದ ಮೇಲಿಟ್ಟು ಬಿಚ್ಚಿದರು. ಪುಟ್ಟ ಬೊಂತೆ, ಎರಡು ಮೊಳ ಉದ್ದ ಇದ್ದೀತು. ಅವರ ಹಳೆಯ ನೀಲಿ ಸೀರೆ ಒಂದು ಬದಿ, ಹಳದಿ ಸೀರೆ ಇನ್ನೊಂದು ಬದಿ, ಇರುವೆ ಸಾಲಿನಂಥ ಹೊಲಿಗೆ. ಒಂದು ದಿನವೂ ಬಳಸಿದ್ದಲ್ಲ. ಅದು ಯಾರಿಗಾಗಿ ಎಂದು ನಾನು ಕೇಳಬೇಕಾಗಿರಲಿಲ್ಲ.

ಅತ್ತೆ ನನ್ನ ಮುಖ ನೋಡದೆ ಮಾತಾಡಿದರು. “ನಿಂಗೆ ಐದು ತುಂಬೋಕೆ ಮುಂಚೇನೇ ಹೊಲಿದಿಟ್ಟಿದ್ದೆ ವಿಮಲಾ. ಹುಟ್ಟೋಕೆ ಮುಂಚೆ ಏನೂ ಮಾಡಿಡಬಾರದು ಅಂತ ಊರಿಗೆಲ್ಲ ಹೇಳೋಳು ನಾನು. ಆಸೆ ತಡೀಲಿಲ್ಲ. ನೀನು ಸ್ಕೂಲಿಗೆ ಹೋದ್ಮೇಲೆ ಬಾಗಿಲು ಹಾಕ್ಕೊಂಡು ಹೊಲೀತಿದ್ದೆ. ನನ್ನಿಂದಲೇ ಹಾಗಾಯ್ತೇನೋ ಅಂತ ನಿನ್ನ ಹತ್ರ ಮಾತಾಡೋಕೇ ಬಾಯಿ ಬರ್ತಿರಲಿಲ್ಲ.”

ನಾನು ಮಂಚದ ಮೇಲೆ ಕೂತುಬಿಟ್ಟೆ. ಹದಿನೈದು ತಿಂಗಳು ಒಂದೇ ಸೂರಿನಡಿ, ಒಂದೇ ಹಂಡೆಯ ನೀರಿನಲ್ಲಿ, ಒಬ್ಬರ ಎದುರು ಒಬ್ಬರು ತಪ್ಪಿತಸ್ಥರ ಹಾಗೆ ಓಡಾಡಿದ್ದೆವು. ನಾನು ಬಸ್ಸಿನಲ್ಲಿ ಓಡಾಡಿದ್ದಕ್ಕೆ ಹಾಗಾಯಿತೆಂದು ನೀವು ಅಂದುಕೊಂಡಿದ್ದೀರಿ ಅಂತ ನಾನು ತಿಳಿದಿದ್ದೆ ಎಂದು ಹೇಳಿದೆ.

“ಬಸ್ಸಲ್ಲಿ ಓಡಾಡಿದ್ರೆ ಹಾಗಾಗತ್ತೇನೆ ಹುಚ್ಚಿ” ಎಂದರು ಅತ್ತೆ.

“ಬೊಂತೆ ಹೊಲಿದ್ರೆ ಹಾಗಾಗತ್ತಾ ಅಮ್ಮ?”

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಅದೇ ಸೆರಗಿನ ತುದಿಯಲ್ಲಿ ನನ್ನದನ್ನೂ ಒರೆಸಿದರು. ಅಷ್ಟು ಹತ್ತಿರ ಬಂದು ಅವರು ನನ್ನನ್ನು ಮುಟ್ಟಿದ್ದು ಬಾಣಂತನ ಮುಗಿದ ಮೇಲೆ ಅದೇ ಮೊದಲು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇದೆಯೆಂದು ನನಗೂ ಗೊತ್ತಾದದ್ದು ಅಂದೇ.

ಬೊಂತೆ ಮಗುವಿನ ಅಳತೆಯದು, ಸೊಸೆಗೆ ಸಾಲದು. ಅದನ್ನು ನಡುವೆ ಇಟ್ಟುಕೊಂಡು ಸುತ್ತ ಬೆಳೆಸಬೇಕೆಂದು ಅತ್ತೆ ತೀರ್ಮಾನಿಸಿದರು. ಆ ತಿಂಗಳುಗಳಲ್ಲಿ ನಾನು ಉಡುತ್ತಿದ್ದ ಮೆತ್ತನೆಯ ಹತ್ತಿ ಸೀರೆಗಳನ್ನು ಬೀರುವಿನ ಹಿಂದಕ್ಕೆ ತಳ್ಳಿದ್ದೆ, ಮುಟ್ಟಿರಲಿಲ್ಲ. ಹೋಗಿ ಎರಡನ್ನು ತಂದೆ. ಅತ್ತೆ ತಮ್ಮದೊಂದನ್ನು ತೆಗೆದರು. ದಿನವೂ ನಾನು ಸ್ಕೂಲಿನಿಂದ ಬಂದ ಮೇಲೆ ನಡುಮನೆಯಲ್ಲಿ, ಒರಳುಗುಂಡು ಮಲಗಿದ್ದ ಜೋಲಿಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಹೊಲಿಯಲು ಕೂರುತ್ತಿದ್ದೆವು. ಅವರದು ಇರುವೆ ಸಾಲು, ನನ್ನದು ಕಟ್ಟಿರುವೆ ಸಾಲು. ಸೂಜಿಗೆ ದಾರ ಪೋಣಿಸುವುದಷ್ಟೇ ನನ್ನ ವಿಶೇಷ ಪರಿಣತಿ ಎಂದು ಅವರು ಛೇಡಿಸುವರು. ಮಗುವಿನ ಮಾತನ್ನೂ ಆಡಿದೆವು. ಯಾರ ಮೂಗು ಬರುತ್ತಿತ್ತು, ಏನು ಹೆಸರಿಡುತ್ತಿದ್ದೆವು, ಇಂಥ ಮಾತು. ನಮ್ಮವರು ಬ್ಯಾಂಕಿನಿಂದ ಬಂದು ನಮ್ಮಿಬ್ಬರನ್ನೂ ಒಂದು ಕ್ಷಣ ನೋಡಿ, ಸದ್ದಾಗದಂತೆ ಚಪ್ಪಲಿ ಬಿಟ್ಟು, ತಾವೇ ಕಾಫಿ ಮಾಡಿಕೊಂಡು ಕುಡಿದರು. ನಮಗೂ ಕೊಟ್ಟರು. ಡಿಕಾಕ್ಷನ್ ಬಹಳ ನೀರಾಗಿತ್ತು, ಇಬ್ಬರೂ ಚೆನ್ನಾಗಿದೆ ಎಂದೆವು.

ಬೆಟ್ಟಕ್ಕೆ ಹೋದೆವು. ನೀಲಗಿರಿ ತೋಪಿನಲ್ಲಿ ಜೋಲಿ ಕಟ್ಟಿದೆವು. ಆಫೀಸಿನ ಗೆಳೆಯರು ಗುಡಾರದೊಳಗೆ ಮಲಗಿದರು. ನಮ್ಮವರು ತಾವು ಪಟ್ಟಿ ಮಾಡಿ ಕೊಂಡ ಎಲ್ಲ ಸಾಮಾನನ್ನೂ ಮೈಮೇಲೆ ಧರಿಸಿ ತಮ್ಮ ಜೋಲಿ ಹತ್ತಿದರು, ಬೊಂತೆಯನ್ನು ಮಾತ್ರ ಹಟಮಾಡಿ ನನ್ನ ಜೋಲಿಯ ಅಡಿಗೆ ಕಟ್ಟಿದರು. ಎಂಟು ಕುಣಿಕೆಗಳಿಗೂ ಹಗ್ಗ ಪೋಣಿಸಿ, ಅತ್ತೆ ಹೇಳಿಕೊಟ್ಟಂತೆ ಒಂದು ಬೆರಳು ಸಂದು ಬಿಟ್ಟು, ಸಡಿಲಕ್ಕೆ. ಮಲಗಿ ಸ್ವಲ್ಪ ಹೊತ್ತಿಗೆ ಬೆನ್ನು ನಿಧಾನವಾಗಿ ಬೆಚ್ಚಗಾಗುತ್ತ ಬಂತು. ನಡುವಿನ ಆ ಪುಟ್ಟ ತುಂಡು ಸರಿಯಾಗಿ ನನ್ನ ಬೆನ್ನಿನ ಕೆಳಗೇ ಇತ್ತು. ನನಗೆ ಅಳು ಬಂತೋ, ನಿದ್ದೆ ಹತ್ತಿತೋ, ಯಾವುದು ಮೊದಲೋ ಜ್ಞಾಪಕವಿಲ್ಲ. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಎದ್ದಾಗ ಬೆಳಗಾಗಿತ್ತು. ಮಂಜು ಇನ್ನೂ ಬಿಟ್ಟಿರಲಿಲ್ಲ. ನಮ್ಮವರು ರಾತ್ರಿಯೆಲ್ಲ ಬೆನ್ನು ಸೆಟೆದು ಕೂತಂತಿದ್ದ ಮುಖದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ನಾನು ಕೆಳಗಿಳಿದು ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದೆ. ನನ್ನ ಜೋಲಿ ಗಾಳಿಗೆ ಒಂದೇ ತೂಗಾಡುತ್ತಿತ್ತು. ನಾನು ಓದಿದವಳು, ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು. ಆದರೂ ಕಾಲು ಮುಂದೆ ಹೋಗಲಿಲ್ಲ. ಸುತ್ತ ಹುಡುಕಿ ಒಂದು ದುಂಡನೆಯ ಕಲ್ಲು ತಂದು, ಮಣ್ಣು ಒರೆಸಿ, ಜೋಲಿಯ ನಡುವೆ ಇಟ್ಟೆ. ಗೆಳೆಯರು ಇದೇನು ಮೇಡಂ ಎಂದು ನಕ್ಕರು. ನಮ್ಮವರು ನಗಲಿಲ್ಲ. ಎದ್ದು ಹೋಗಿ, ತಮ್ಮ ಜೋಲಿಗೂ ಒಂದು ಕಲ್ಲು ಹುಡುಕಿ ತಂದು ಇಟ್ಟರು.

ಹೊರಡುವ ಗಡಿಬಿಡಿಯಲ್ಲಿ ನಾನು ಜೋಲಿಯನ್ನೂ ಬೊಂತೆಯನ್ನೂ ಒಟ್ಟಿಗೆ ಸುತ್ತಿ ಚೀಲಕ್ಕೆ ತುರುಕಿದ್ದೆ. ಬಸ್ಸು ತುಂಬಿತ್ತು. ಚೀಲವನ್ನು ಡ್ರೈವರ್ ಪಕ್ಕದ ಎಂಜಿನ್ನಿನ ಮುಚ್ಚಳದ ಮೇಲೆ ಇಡಬೇಕಾಯಿತು. ಮೆಜೆಸ್ಟಿಕ್ ಬರುವವರೆಗೂ ಅದು ಅಲ್ಲೇ ಕಾಯುತ್ತಿತ್ತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ನನ್ನ ಮುಖ ನೋಡಿದರು, ಬೆನ್ನಿನ ಮೇಲೊಮ್ಮೆ ಕೈಯಾಡಿಸಿದರು, ಚಳಿಯಾಯಿತೇ ಎಂದು ಕೇಳಲಿಲ್ಲ. ಚೀಲ ತಾವೇ ಇಸಿದುಕೊಂಡು ನಡುಮನೆಯಲ್ಲಿ ಕೂತು, ಬೊಂತೆಗೆ ಗಾಳಿಯಾಡಲೆಂದು ಬಿಚ್ಚತೊಡಗಿದರು. ಸುರುಳಿ ಬಿಚ್ಚುತ್ತಿದ್ದಂತೆ ಒಳಗಿನಿಂದ ಕಲ್ಲು ಉರುಳಿ ಅವರ ಮಡಿಲಿಗೆ ಬಿತ್ತು. ಅದು ಬಂದಿದ್ದು ನನಗೂ ಗೊತ್ತಿರಲಿಲ್ಲ.

“ಇದ್ಯಾರು?” ಎಂದರು.

ಜೋಲಿ ಖಾಲಿ ಬಿಡಬಾರದು ಅಂತ ಇಟ್ಟಿದ್ದೆ ಎಂದೆ. ಅತ್ತೆ ಕಲ್ಲನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡರು. ಅದಕ್ಕೆ ಇನ್ನೂ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದರು. ಆಮೇಲೆ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

“ಬೆಚ್ಚಗಿದೆ ಕಣೆ” ಎಂದರು.

ನಾನು ಎಂಜಿನ್ನಿನ ಮುಚ್ಚಳದ ವಿಷಯ ಹೇಳಲಿಲ್ಲ.